ಕಾಶೀಯಾತ್ರೆಯ ದಾರಿಖರ್ಚು

ನಮ್ಮ ಮದುವೆಮನೆಗಳಲ್ಲಿ ಕಾಶೀಯಾತ್ರೆ ಎಂಬುದೊಂದು ವಿನೋದವುಂಟು. ವಾಚಕರಲ್ಲಿ ಅನೇಕರು ಅದನ್ನು ನೋಡಿರಬಹುದು. ಕೆಲವರು ಸ್ವತಃ ಹೊರಟೂ ಇರಬಹುದು. ವರನು ಪಂಚೆಯುಟ್ಟು, ಹೊಸ ಪಾದರಕ್ಷೆ ಮೆಟ್ಟಿ, ಒಂದು ಕೈಯಲ್ಲಿ ಛತ್ರಿಯನ್ನೂ ಇನ್ನೊಂದರಲ್ಲಿ ಊರುಗೋಲನ್ನೂ ಹಿಡಿದು, ಕಂಕುಳಲ್ಲಿ ಪುಸ್ತಕವೊಂದನ್ನು ಇರುಕಿಕೊಂಡು, ವಿದ್ಯಾರ್ಜನೆಗಾಗಿ ಕಾಶಿಗೆ ಹೊರಟೆನೆಂದು ಛತ್ರದ ಬಾಗಿಲು ದಾಟುತ್ತಾನೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹೆಣ್ಣಿನ ತಂದೆ ಎದುರಾಗಿ, ಮಗಳನ್ನು ಕೊಡುತ್ತೇನೆ, ಹಿಂದಿರುಗಬೇಕೆಂದು ಬೇಡಿಕೊಳ್ಳುತ್ತಾರೆ. ವರನು ಒಡನೆಯೇ ಒಪ್ಪಿಬಿಡುತ್ತಾನೆ. ಎಲ್ಲರೂ ನಗುತ್ತಾರೆ, ವಾಲಗದವರು ಊದುತ್ತಾರೆ, ಕಾಶಿಯ ಮಾತು ಅಲ್ಲಿಗೆ ಮುಗಿಯುತ್ತದೆ.

ಈಚೆಗೆ ಅಂಥದೊಂದು ಮದುವೆಯಲ್ಲಿ ಕುಳಿತಿದ್ದಾಗ ನನಗೊಂದು ಸಂಗತಿ ಹೊಳೆಯಿತು. ಆ ಛತ್ರಿ, ಆ ಕೋಲು, ಆ ಪಾದರಕ್ಷೆ, ಒಂದೂ ವರನದಲ್ಲ. ಎಲ್ಲವೂ ಹೆಣ್ಣಿನ ಮನೆಯವರು ತಂದುಕೊಟ್ಟದ್ದು. ಈ ಶಾಸ್ತ್ರವನ್ನು ಕಟ್ಟಿದ ಹಿರಿಯರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿದ್ದಿರಬೇಕು: ಓದಲೆಂದು ದೂರ ಹೊರಟವನ ಬಳಿ ದಾರಿಗೆ ಬೇಕಾದದ್ದು ಏನೂ ಇರುವುದಿಲ್ಲ, ಅದನ್ನು ಬೇರೆಯವರು ಒದಗಿಸಬೇಕು. ಸಂಸ್ಕೃತದಲ್ಲಿ ಅದಕ್ಕೆ ಪಾಥೇಯವೆಂದು ಹೆಸರು; ನಮ್ಮ ಹೆಂಗಸರು ಅದನ್ನು ಬುತ್ತಿ ಎಂದರು. ನಾವು ಶಾಸ್ತ್ರವನ್ನೇನೋ ಉಳಿಸಿಕೊಂಡೆವು. ಆದರೆ ವಿದ್ಯಾರ್ಥಿಯನ್ನು ಸಜ್ಜುಗೊಳಿಸುವುದು ಅವನನ್ನು ಹತ್ತನೆಯ ಹೆಜ್ಜೆಯಲ್ಲಿ ಹಿಂದಕ್ಕೆ ಕರೆತರುವುದಕ್ಕೇ ಎಂದಾಗಿಹೋಯಿತು.

ಈ ಯೋಚನೆ ನನ್ನ ತಲೆಯಲ್ಲಿ ಮೊದಲೇ ಕುಳಿತಿರಲು ಕಾರಣನಾದವನು ಒಬ್ಬ ಹಳೆಯ ವಿದ್ಯಾರ್ಥಿ. ನಮ್ಮಲ್ಲಿ ಬಿ.ಎ. ಮುಗಿಸಿ ಬೇರೊಂದು ಊರಿನಲ್ಲಿ ಮೂರು ವರ್ಷದ ಎಲ್‌ಎಲ್.ಬಿ. ತರಗತಿಗೆ ಸೇರಿದ್ದ. ತಂದೆ ಸಂತೆಯಿಂದ ಸಂತೆಗೆ ಸೊಪ್ಪು ತರಕಾರಿ ಒಯ್ಯುವವರು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅವನು ನನ್ನ ಮನೆಗೆ ಬಂದ. ದೆಹಲಿಯಲ್ಲಿ ನಡೆಯುವ ಒಂದು ಅಣಕು ನ್ಯಾಯಾಲಯದ ಸ್ಪರ್ಧೆಗೆ ಅವನ ಕಾಲೇಜಿನ ತಂಡ ಆಯ್ಕೆಯಾಗಿತ್ತು. ತಂಡದಲ್ಲಿ ಮೂವರು: ವಾದಿಸುವವರು ಇಬ್ಬರು, ಆ ವಾದಕ್ಕೆ ಬೇಕಾದ ತೀರ್ಪುಗಳನ್ನು ಹುಡುಕಿ, ವಾದಪತ್ರವನ್ನು ಬರೆದುಕೊಡುವ ಸಂಶೋಧಕ ಒಬ್ಬ. ಇವನು ಆ ಮೂರನೆಯವನು.

'ಅಣಕು ನ್ಯಾಯಾಲಯ' ಎಂಬ ಮಾತು ನನಗೆ ಮೊದಲಿನಿಂದಲೂ ಒಗ್ಗದು. ಅಣಕಿಸುವುದೆಂದರೆ ಹಾಸ್ಯಕ್ಕಾಗಿ ಇನ್ನೊಬ್ಬರಂತೆ ನಟಿಸುವುದು. ಇಲ್ಲಿ ನಡೆಯುವುದು ಹಾಸ್ಯವಲ್ಲ, ಗರಡಿಮನೆಯ ಸಾಧನೆ. ಕಲ್ಪಿತವಾದ ಒಂದು ವ್ಯಾಜ್ಯವನ್ನು ಮುಂದಿಡುತ್ತಾರೆ. ವಿದ್ಯಾರ್ಥಿಗಳು ಎರಡೂ ಪಕ್ಷಗಳ ಪರವಾಗಿ ವಾದಪತ್ರ ಸಿದ್ಧಪಡಿಸಬೇಕು. ಕಪ್ಪು ಕೋಟು ತೊಟ್ಟು, ನ್ಯಾಯಾಧೀಶರ ಸ್ಥಾನದಲ್ಲಿ ಕುಳಿತ ವಕೀಲರೂ ಪ್ರಾಧ್ಯಾಪಕರೂ ಎಸೆಯುವ ಪ್ರಶ್ನೆಗಳನ್ನು ನಿಂತಲ್ಲಿ ನಿಂತು ಎದುರಿಸಬೇಕು. ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಫಿಲಿಪ್ ಜೆಸಪ್ ಅವರ ಹೆಸರಿನಲ್ಲಿ 1960ರಲ್ಲಿ ಅಮೆರಿಕದಲ್ಲಿ ಆರಂಭವಾದ ಸ್ಪರ್ಧೆ ಇವುಗಳಲ್ಲಿ ಬಹು ಪ್ರಸಿದ್ಧವಾದದ್ದು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು 1999ರಲ್ಲಿಯೂ 2013ರಲ್ಲಿಯೂ ಅದನ್ನು ಗೆದ್ದು ಬಂದರು. ಭಾರತೀಯ ವಕೀಲರ ಪರಿಷತ್ತಿನ 2008ರ ಶಿಕ್ಷಣ ನಿಯಮಗಳಂತೆ ಈ ಅಭ್ಯಾಸ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಗೂ ಕಡ್ಡಾಯ. ಕಾಲೇಜಿನ ಒಳಗೆ ಮಾಡಿದರೂ ಅಂಕ ಬರುತ್ತದೆ, ನಿಜ. ಆದರೆ ತನ್ನ ಊರಿನ ಗರಡಿಯಲ್ಲೇ ಉಳಿದ ಪೈಲ್ವಾನನಿಗೆ ತನ್ನ ಬಲ ಎಷ್ಟೆಂದು ತಿಳಿಯುವುದು ಹೇಗೆ?

"ಸಾರ್, ಕಾಲೇಜಿನಲ್ಲಿ ಇಬ್ಬರ ಖರ್ಚು ಮಾತ್ರ ಕೊಡುತ್ತಾರಂತೆ. ಅದೂ ಹೋಗಿಬಂದು ಟಿಕೇಟು, ರಸೀತಿ ಒಪ್ಪಿಸಿದ ಮೇಲೆ" ಎಂದ ಹುಡುಗ. ಅವನಿಗೆ ಬೇಕಾಗಿದ್ದದ್ದು ಎಂಟು ಸಾವಿರ ರೂಪಾಯಿ. ನನ್ನ ಬಳಿ ಅವನು ಹಣ ಕೇಳಲಿಲ್ಲ. ಊರಿನ ಎರಡು ಸಂಘಗಳಿಗೆ ಬರೆಯಲು ಒಂದು ಮನವಿಪತ್ರ ಕೇಳಿದ. "ನೀವು ಬರೆದರೆ ತೂಕವಿರುತ್ತೆ ಸಾರ್" ಎಂದ. ಈ ಮಾತಿಗೆ ಕರಗದ ಕನ್ನಡ ಮೇಷ್ಟರು ಇನ್ನೂ ಹುಟ್ಟಿಲ್ಲ. ಬರೆದುಕೊಟ್ಟೆ.

ಆ ಪತ್ರ ಬರೆಯುವಾಗ ದೃಷ್ಟಾಂತಕ್ಕೆಂದು ಗಾಂಧೀಜಿಯವರ ಆತ್ಮಕಥೆಯನ್ನು ಕೈಗೆತ್ತಿಕೊಂಡೆ. ಅವರು ಬ್ಯಾರಿಸ್ಟರ್ ಆದರೆಂಬುದನ್ನು ಬಲ್ಲೆವು. ಆಗಲು ಹೊರಟಾಗ ಕೈಯಲ್ಲಿ ಕಾಸಿರಲಿಲ್ಲವೆಂಬುದನ್ನು ಮರೆತಿರುತ್ತೇವೆ. 1888ರಲ್ಲಿ ಮನೆಗೆ ಹಿತೈಷಿಗಳಾದ ಮಾವಜಿ ದವೆಯವರು, ಹುಡುಗನನ್ನು ಇಂಗ್ಲೆಂಡಿಗೆ ಕಳುಹಿಸಿ, ನಾಲ್ಕೈದು ಸಾವಿರ ರೂಪಾಯಿಯಲ್ಲಿ ಬ್ಯಾರಿಸ್ಟರ್ ಆಗಿ ಬರುತ್ತಾನೆ ಎಂದು ಸಲಹೆಯಿತ್ತರು. ತಂದೆ ತೀರಿಕೊಂಡಿದ್ದರು. ಪೋರಬಂದರಿನಲ್ಲಿ ಚಿಕ್ಕಪ್ಪನನ್ನು ಕಂಡು ಒಪ್ಪಿಗೆ ಪಡೆಯಬೇಕು. ಅಲ್ಲಿನ ಸಂಸ್ಥಾನದ ಆಡಳಿತಾಧಿಕಾರಿಯಾಗಿದ್ದ ಲೇಲಿ ಎಂಬ ಆಂಗ್ಲರ ಬಳಿ ವಿದ್ಯಾರ್ಥಿವೇತನ ಕೇಳಬೇಕು. ಪೋರಬಂದರು ರಾಜಕೋಟೆಯಿಂದ ಎತ್ತಿನ ಗಾಡಿಯಲ್ಲಿ ಐದು ದಿನದ ದಾರಿ. ಹದಿನೆಂಟರ ಆ ಹುಡುಗ ಧೋರಾಜಿಯವರೆಗೆ ಗಾಡಿಯಲ್ಲಿ ಹೋಗಿ, ಒಂದು ದಿನ ಉಳಿಯಲೆಂದು ಅಲ್ಲಿಂದ ಮುಂದೆ ಒಂಟೆ ಹತ್ತಿದರು. ಜನ್ಮದಲ್ಲಿ ಅದೇ ಮೊದಲ ಒಂಟೆ ಸವಾರಿ. ನೆರವು ಕೇಳಲು ಹೋಗುವುದಕ್ಕೂ ದಾರಿಖರ್ಚು ಬೇಕೆಂಬುದನ್ನು ಇಲ್ಲಿ ಗಮನಿಸಬೇಕು. ಅರ್ಜಿದಾರನ ಲೆಕ್ಕದಲ್ಲಿ ಇದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಭೇಟಿ ನಡೆದದ್ದು ಮಹಡಿಯ ಮೆಟ್ಟಿಲ ಬಳಿ. ಆಡಬೇಕಾದ ಮಾತುಗಳನ್ನು ಹುಡುಗ ಮೊದಲೇ ಶ್ರಮಪಟ್ಟು ಹೊಂದಿಸಿಕೊಂಡಿದ್ದ. ಬಗ್ಗಿ ಎರಡೂ ಕೈಗಳಿಂದ ನಮಸ್ಕರಿಸಿದ. ಲೇಲಿಯವರು ಮೆಟ್ಟಿಲು ಹತ್ತುತ್ತಲೇ, ಮೊದಲು ಬಿ.ಎ. ಮುಗಿಸು, ಆಮೇಲೆ ಬಾ, ಈಗ ಯಾವ ನೆರವೂ ಇಲ್ಲವೆಂದು ಹೇಳಿ ಮೇಲೆ ಹೋಗಿಬಿಟ್ಟರು. ಐದು ದಿನದ ದಾರಿಗೆ ಅರ್ಧ ನಿಮಿಷದ ಉತ್ತರ. ಊರಿಗೆ ಮರಳಿದ ಮೋಹನದಾಸರಿಗೆ ಹೆಂಡತಿಯ ಒಡವೆಗಳನ್ನು ಮಾರುವ ಯೋಚನೆ ಬಂದಿತು. ಎರಡು ಮೂರು ಸಾವಿರವಾದರೂ ಬರಬಹುದೆಂದು ಎಣಿಸಿದರು. ಕಸ್ತೂರಬಾ ಅವರನ್ನು ಈ ಬಗ್ಗೆ ಕೇಳಿದರೋ ಇಲ್ಲವೋ, ಆತ್ಮಕಥೆಯ ಆ ಭಾಗದಲ್ಲಿ ಮಾತಿಲ್ಲ. ಕೊನೆಗೆ ಅಣ್ಣ ಲಕ್ಷ್ಮೀದಾಸರು ಹೇಗಾದರೂ ಹಣ ಹೊಂದಿಸುತ್ತೇನೆಂದು ಮಾತು ಕೊಟ್ಟರು.

ಹಣ ಹೊಂದಿತು. ಆದರೂ ಕಥೆ ಮುಗಿಯಲಿಲ್ಲ. ಬೊಂಬಾಯಿಯಲ್ಲಿ ಮೋಢ ಬನಿಯಾ ಕುಲದವರು ಸಭೆ ಸೇರಿ, ಸಮುದ್ರ ದಾಟುವುದು ಧರ್ಮಬಾಹಿರವೆಂದು ಹುಡುಗನಿಗೆ ಬಹಿಷ್ಕಾರ ಹಾಕಿದರು. ಅವನಿಗೆ ನೆರವಾದವರಿಗೂ ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ವಿಧಿಸಿದರು. ಅಣ್ಣ ಕೊಟ್ಟಿದ್ದ ಹಣ ಇದ್ದದ್ದು ಭಾವಮೈದುನರ ವಶದಲ್ಲಿ. ಅವರು ಕುಲಕ್ಕೆ ಅಂಜಿ ಅದನ್ನು ಕೊಡಲೊಲ್ಲದೆ ಹೋದರು! ಹಡಗು ಹೊರಡುವ ಹೊತ್ತಿಗೆ, ತನ್ನದೇ ಹಣ ಊರಿನಲ್ಲೇ ಇದ್ದೂ ಹುಡುಗನ ಕೈ ಬರಿದು. ಆಗ ಕುಟುಂಬದ ಗೆಳೆಯರೊಬ್ಬರು ಹಡಗಿನ ಬಾಡಿಗೆಯನ್ನೂ ಕೈಖರ್ಚನ್ನೂ ಅಲ್ಲೇ ಎಣಿಸಿಕೊಟ್ಟರು. ಆಮೇಲೆ ಅಣ್ಣನಿಂದ ವಸೂಲು ಮಾಡಿಕೊಳ್ಳುವುದೆಂದು ಮಾತಾಯಿತು. ಆ ಹಣದಲ್ಲಿ ಟಿಕೇಟು, ಬಟ್ಟೆ, ಕುತ್ತಿಗೆಪಟ್ಟಿ ಎಲ್ಲ ಕೊಂಡು, 1888ರ ಸೆಪ್ಟೆಂಬರ್ 4ರಂದು ಅವರು ಹಡಗು ಹತ್ತಿದರು.

ನನ್ನ ಮನಸ್ಸಿನಲ್ಲಿ ನಿಂತದ್ದು ಈ ಗೆಳೆಯರು. ಅವರು ದಾನ ಮಾಡಲಿಲ್ಲ. ಮೊದಲು ಕೊಟ್ಟರು, ಆಮೇಲೆ ಲೆಕ್ಕ ಕೇಳಿದರು, ಅಷ್ಟೆ. ಈ ಮೊದಲು–ಆಮೇಲೆಗಳ ನಡುವೆ ಒಂದು ಹಡಗು ತಪ್ಪಿಹೋಗಬಹುದಿತ್ತು.

ಅಲ್ಲಿಗೆ ಹೋಗಿ ಅವರು ಕಲಿತದ್ದೇನು ಎಂಬುದೂ ಸ್ವಾರಸ್ಯದ ಮಾತೇ. ಆಗಿನ ಬ್ಯಾರಿಸ್ಟರ್ ಶಿಕ್ಷಣದಲ್ಲಿ ಪರೀಕ್ಷೆಗಿಂತ ಹಾಜರಿ ದೊಡ್ಡದು. ಹನ್ನೆರಡು ಅವಧಿಗಳನ್ನು ಪೂರೈಸಬೇಕು. ಒಂದೊಂದು ಅವಧಿಯಲ್ಲಿ ನಡೆಯುವ ಸುಮಾರು ಇಪ್ಪತ್ತನಾಲ್ಕು ಭೋಜನಗಳಲ್ಲಿ ಆರಕ್ಕಾದರೂ ಹೋಗಿ ಕೂರಬೇಕು. ಮಾಂಸವನ್ನೂ ಮದ್ಯವನ್ನೂ ಮುಟ್ಟದ ಗಾಂಧಿಯವರು ಆ ಊಟಗಳಲ್ಲಿ ಪಟ್ಟ ಪಾಡನ್ನು ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಊಟ ಮಾಡಿ ವಕೀಲರಾಗುವುದೆಂದರೆ ನಮಗೆ ನಗೆ ಬರುತ್ತದೆ. ಆದರೆ ಅದರ ಹಿಂದೆ ಒಂದು ತಿಳಿವಳಿಕೆ ಇದ್ದಿರಬೇಕು. ವಕೀಲಿ ಎಂಬುದು ಪುಸ್ತಕದಿಂದ ಮಾತ್ರ ಬರುವ ವಿದ್ಯೆಯಲ್ಲ; ಹಿರಿಯರ ಪಂಕ್ತಿಯಲ್ಲಿ ಕುಳಿತು, ಅವರು ಮಾತನಾಡುವ ರೀತಿ, ಸುಮ್ಮನಿರುವ ರೀತಿ, ಎರಡನ್ನೂ ನೋಡಿ ಪಡೆಯಬೇಕಾದದ್ದು. ಅದಕ್ಕೆ ದೇಹ ಅಲ್ಲಿರಬೇಕು. ದೇಹವನ್ನು ಅಂಚೆಯಲ್ಲಿ ಕಳುಹಿಸಲಾಗುವುದಿಲ್ಲ.

ಗಾಂಧೀಜಿಯವರು ಹೊರಟ ಮರುವರ್ಷ ಕಾರ್ನೀಲಿಯಾ ಸೊರಾಬ್ಜಿಯವರು ಆಕ್ಸ್‌ಫರ್ಡಿಗೆ ಹೊರಟರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಅವರಿಗೆ ಸರ್ಕಾರದ ವಿದ್ಯಾರ್ಥಿವೇತನ ಸಹಜವಾಗಿಯೇ ಬರಬೇಕಾಗಿತ್ತು. ಹೆಂಗಸಾದ್ದರಿಂದ ಬರಲಿಲ್ಲ. ಇಂಗ್ಲೆಂಡಿನ ಕೆಲವರು ಸೇರಿ ಚಂದಾ ಎತ್ತಿ ಅವರನ್ನು ಕರೆಸಿಕೊಂಡರು. ಚಂದಾ ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬರು. 1892ರಲ್ಲಿ ಸೊರಾಬ್ಜಿಯವರು ಕಾನೂನಿನ ಪರೀಕ್ಷೆಗೆ ಕುಳಿತರು. ಆ ಪರೀಕ್ಷೆಗೆ ಕುಳಿತ ಮೊದಲ ಮಹಿಳೆ ಅವರೇ.

ಅಂಬೇಡ್ಕರರ ವೃತ್ತಾಂತವಂತೂ ದಾರಿಖರ್ಚಿನದೇ ಒಂದು ಪುರಾಣ. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ಅವರನ್ನು ಅಮೆರಿಕಕ್ಕೆ ಕಳುಹಿಸಿದರು. ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವ ಕರಾರು. ಕೊಲಂಬಿಯಾದಲ್ಲಿ ಓದಿ, 1916ರಲ್ಲಿ ಲಂಡನ್ನಿಗೆ ಬಂದು, ಅರ್ಥಶಾಸ್ತ್ರದ ಜೊತೆಗೆ ಬ್ಯಾರಿಸ್ಟರ್ ಶಿಕ್ಷಣಕ್ಕಾಗಿ ಗ್ರೇಸ್ ಇನ್ ಸೇರಿದರು. ಮರುವರ್ಷ ವೇತನ ಮುಗಿಯಿತು. ಓದು ಅರ್ಧಕ್ಕೇ ನಿಂತಿತು. ನಾಲ್ಕು ವರ್ಷದೊಳಗೆ ಮರಳಿ ಬರಬಹುದೆಂದು ಲಂಡನ್ ವಿಶ್ವವಿದ್ಯಾನಿಲಯ ಅನುಮತಿ ಕೊಟ್ಟಿತು. ಅನುಮತಿಗೆ ಯಾರಿಗೂ ಖರ್ಚಿಲ್ಲ, ಬರುವುದಕ್ಕೆ ಮಾತ್ರ ಖರ್ಚು. ಅವರ ಪುಸ್ತಕಗಳೂ ಸಾಮಾನೂ ಬೇರೆ ಹಡಗಿನಲ್ಲಿದ್ದುವು. ಅದು ಯುದ್ಧಕಾಲ, ಆ ಹಡಗನ್ನು ಜರ್ಮನರ ಜಲಾಂತರ್ಗಾಮಿ ಮುಳುಗಿಸಿತು. ಕರಾರಿನಂತೆ ಬರೋಡಾಕ್ಕೆ ಕೆಲಸಕ್ಕೆ ಹೋಗಲು ಒದಗಿದ್ದು ಆ ಮುಳುಗಿದ ಸಾಮಾನಿಗೆ ಬಂದ ಪರಿಹಾರದ ಹಣ. ಪುಸ್ತಕಗಳು ಸಮುದ್ರದ ತಳದಿಂದ ಒಡೆಯನಿಗೆ ರೈಲಿನ ಟಿಕೇಟು ತೆಗೆಸಿಕೊಟ್ಟವೆನ್ನಬೇಕು. ಅಲ್ಲಿ ಅಸ್ಪೃಶ್ಯನೆಂದು ತಂಗಲು ಮನೆ ಸಿಕ್ಕದೆ ಹಿಂದಿರುಗಿದ ಕಥೆಯನ್ನು ವಾಚಕರು ಬಲ್ಲರು.

ಆಮೇಲೆ ಬೊಂಬಾಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಸಂಬಳದಲ್ಲಿ ಕೂಡಿಟ್ಟರು. ಸಾಲದೆ ಬರಲು ಕೊಲಂಬಿಯಾದಲ್ಲಿ ಜೊತೆಗಿದ್ದ ಪಾರ್ಸಿ ಗೆಳೆಯ ನವಲ್ ಭತೇನ ಐದು ಸಾವಿರ ಸಾಲ ಕೊಟ್ಟರು. ಕೊಲ್ಹಾಪುರದ ಶಾಹು ಮಹಾರಾಜರು ಒಂದೂವರೆ ಸಾವಿರ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್ ಸೇರಿದರು. 1922ರಲ್ಲಿ ಬ್ಯಾರಿಸ್ಟರ್ ಆದರು. ಒಬ್ಬ ರಾಜ ಮೊದಲ ದಾರಿಗೆ ಕೊಟ್ಟ. ಎರಡನೆಯ ದಾರಿಗೆ ಸ್ವಂತ ದುಡಿಮೆ, ಗೆಳೆಯನ ಸಾಲ, ಇನ್ನೊಬ್ಬ ರಾಜನ ನೆರವು ಮೂರೂ ಸೇರಬೇಕಾಯಿತು. ಈ ದೇಶದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಮುಂದೆ ಯಾರಾಗಬೇಕೆಂಬುದು 1920ರಲ್ಲಿ ಒಬ್ಬ ಪಾರ್ಸಿ ಗೆಳೆಯನ ಪೆಟ್ಟಿಗೆಯ ಕೀಲಿಕೈಯನ್ನೂ ಸ್ವಲ್ಪಮಟ್ಟಿಗೆ ಅವಲಂಬಿಸಿತ್ತೆಂದರೆ ಎದೆ ಝಲ್ಲೆನ್ನುತ್ತದೆ. ಇಂಥ ಗೆಳೆಯನಿಲ್ಲದೆ ಉಳಿದವರ ಹೆಸರು ಚರಿತ್ರೆಯಲ್ಲಿ ಇರುವುದಿಲ್ಲ. ಆದ್ದರಿಂದ ಅವರನ್ನು ಎಣಿಸುವ ಉಪಾಯವೂ ನಮಗಿಲ್ಲ.

ಇಷ್ಟನ್ನೂ ಪತ್ರದಲ್ಲಿ ಬರೆದೆನೆಂದು ವಾಚಕರು ಹೆದರಬೇಕಾಗಿಲ್ಲ. ಎರಡು ಪುಟಕ್ಕೆ ನಿಲ್ಲಿಸಿದೆ.

ಕಾಲ ಬದಲಾಗಿಲ್ಲವೆಂದು ಹೇಳುವುದು ಅನ್ಯಾಯ. ಮಹಾರಾಜರು ಹೋದರು, ಇಲಾಖೆಗಳು ಬಂದವು. ಪರಿಶಿಷ್ಟ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿಯ ಕಾಲದಲ್ಲಿ ಕರ್ನಾಟಕ ಸರ್ಕಾರ ಶಿಷ್ಯವೇತನ ಕೊಡುತ್ತದೆ. 2023ರ ಜೂನ್ ತಿಂಗಳಿಂದ ನಮ್ಮ ಹೆಣ್ಣುಮಕ್ಕಳು ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿಗೆ ಹಣ ಕೊಡದೆ ಓಡಾಡುತ್ತಿದ್ದಾರೆ. ಆ ಯೋಜನೆಯ ಬಗ್ಗೆ ಏನೇನೋ ಚರ್ಚೆಯಾಯಿತು. ಅದರಿಂದ ಹಳ್ಳಿಯ ಕಾನೂನು ವಿದ್ಯಾರ್ಥಿನಿ ಜಿಲ್ಲಾ ನ್ಯಾಯಾಲಯದವರೆಗೆ ಬಂದು ಹಿರಿಯ ವಕೀಲರ ಕಚೇರಿಯಲ್ಲಿ ಕೂರುವಂತಾಯಿತೆಂಬುದನ್ನು ಯಾರೂ ಹೇಳಿದಂತೆ ಕಾಣೆ. ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಬಸ್ಸು ಇಳಿದ ಮೇಲೆ? 2008ರ ನಿಯಮಗಳ ಪ್ರಕಾರ ಮೂರು ವರ್ಷದ ತರಗತಿಯವರು ಒಟ್ಟು 12 ವಾರ, ಐದು ವರ್ಷದವರು 20 ವಾರ, ವಕೀಲರ ಬಳಿಯೋ ನ್ಯಾಯಾಲಯದಲ್ಲೋ ಸಂಸ್ಥೆಗಳಲ್ಲೋ ತರಬೇತಿ ಪಡೆಯಲೇಬೇಕು. ಒಂದು ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರ ಮೀರಕೂಡದು. ನಾಲ್ಕು ವಾರವೆಂದರೆ ಬೆಂಗಳೂರಿನಲ್ಲಿ ಒಂದು ತಿಂಗಳ ಬಾಡಿಗೆ ಮತ್ತು ಊಟ. ಅಲ್ಲಿ ಚಿಕ್ಕಮ್ಮನ ಮನೆಯಿರುವವನು ಉಚ್ಚ ನ್ಯಾಯಾಲಯವನ್ನು ನೋಡುತ್ತಾನೆ. ಇಲ್ಲದವನು ತಾಲ್ಲೂಕಿನಲ್ಲಿ ಯಾರಾದರೂ ಸಹಿ ಹಾಕಿಕೊಡುವರೋ ಎಂದು ನೋಡುತ್ತಾನೆ. ಇಬ್ಬರ ಅಂಕಪಟ್ಟಿಯಲ್ಲಿಯೂ ಬರೆಯುವುದು ಒಂದೇ. ಹಿಂದೆ ನಮ್ಮಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದರಲ್ಲಿ ಜಾತಿಯ ಎಲ್ಲೆಯಿತ್ತು, ಉಂಡವರಿಗೆ ಅವಮಾನಗಳೂ ಇದ್ದುವು; ಅದು ಮರಳಿ ಬರಲೆಂದು ನಾನು ಹಾರೈಸುವುದಿಲ್ಲ. ಮಠಗಳ ಉಚಿತ ವಿದ್ಯಾರ್ಥಿನಿಲಯಗಳು ಆ ಎಲ್ಲೆಯನ್ನು ಎಷ್ಟೋ ಹಿಗ್ಗಿಸಿದುವು. ಆದರೂ ಅವೆಲ್ಲ ಬಂದು ಸೇರಿದವನಿಗೆ ಊಟ. ಮುಂದೆ ಹೋಗಬೇಕಾದವನಿಗೆ ಬುತ್ತಿಯಲ್ಲ.

ದೊಡ್ಡ ಸಂಸ್ಥೆಗಳಲ್ಲಿಯೂ ಇದೇ ನಡೆ. ಹೇಗ್ ನಗರದ ಶಾಂತಿಸೌಧದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಅಕಾಡೆಮಿ 1923ರಲ್ಲಿ ಆರಂಭವಾಯಿತು. ಅಲ್ಲಿನ ಬೇಸಗೆ ತರಗತಿಗಳಿಗೆ ಲೋಕದ ನಾನಾ ಕಡೆಗಳಿಂದ ತರುಣರು ಹೋಗುತ್ತಾರೆ. ಅಕಾಡೆಮಿಯ ವಿದ್ಯಾರ್ಥಿವೇತನ ಶುಲ್ಕಕ್ಕೂ ವಸತಿಗೂ ಆಗುತ್ತದೆ. ವಿಮಾನದ ಖರ್ಚು ಮಾತ್ರ ಹೋಗುವವನದು. ಹತ್ತಿರದ ಊರಿನವನಿಗೆ ಇದು ಪೂರ್ಣ ವೇತನ, ಹುಬ್ಬಳ್ಳಿಯವನಿಗೆ ಕಾಗದ. ಇದನ್ನು ಅರಿತೇ ಇರಬೇಕು, ಸಂಯುಕ್ತ ರಾಷ್ಟ್ರಸಂಸ್ಥೆ 1965ರಲ್ಲಿ ಅಂತರರಾಷ್ಟ್ರೀಯ ಕಾನೂನಿನ ಬೋಧನೆಗೆ ನೆರವು ನೀಡುವ ಒಂದು ಕಾರ್ಯಕ್ರಮವನ್ನು ಸ್ಥಾಪಿಸಿತು. ಅದರ ಶಿಷ್ಯವೃತ್ತಿ ಪಡೆದವರಿಗೆ ಪ್ರಯಾಣದ ವೆಚ್ಚವೂ ಸೇರಿ ಸಿಕ್ಕುತ್ತದೆ. ಅಂಥ ಸ್ಥಾನಗಳು ಕೆಲವೇ; ಕೇಳುವ ದೇಶಗಳು ಬಹಳ.

ಎಲ್ಲಕ್ಕಿಂತ ನನಗೆ ಒಪ್ಪದ ಪದವೊಂದುಂಟು: ಮರುಪಾವತಿ. ಕೇಳಲು ಎಷ್ಟು ಉದಾರವಾದ ಪದ! ನೀನು ಖರ್ಚು ಮಾಡು, ರಸೀತಿ ತಾ, ನಾವು ತುಂಬಿಕೊಡುತ್ತೇವೆ. ಸಂಬಳದವನಾದ ನನಗೆ ಇದರಲ್ಲಿ ತಪ್ಪೇನೂ ಕಾಣದು. ವಿಚಾರ ಸಂಕಿರಣಗಳಿಗೆ ಹೋಗಿಬಂದು ಎಷ್ಟೋ ಸಲ ಹಾಗೆ ಹಣ ಪಡೆದಿದ್ದೇನೆ. ಕೊಡುವವರ ಭಯವೂ ಸುಳ್ಳಲ್ಲ. ಹಣ ತೆಗೆದುಕೊಂಡವನು ಹೋಗದಿದ್ದರೆ ಲೆಕ್ಕಪರಿಶೋಧಕರಿಗೆ ಉತ್ತರ ಹೇಳುವವರಾರು? ಆದರೆ ಖರ್ಚು ಮಾಡಲು ಎಂಟು ಸಾವಿರ ಇದ್ದವನು ನೆರವನ್ನೇ ಕೇಳುವುದಿಲ್ಲ. ಇಲ್ಲದವನಿಗೆ ಮರುಪಾವತಿಯ ನೆರವು ನೆರವೇ ಅಲ್ಲ. ಹಣ ಒಂದೇ, ಮೊತ್ತ ಒಂದೇ, ದಿನಾಂಕ ಮಾತ್ರ ಬೇರೆ. ಆ ದಿನಾಂಕದಿಂದಲೇ ನೆರವು ಯಾರಿಗೆ ಮುಟ್ಟಬೇಕೋ ಅವರನ್ನು ಬಿಟ್ಟು ಉಳಿದವರಿಗೆಲ್ಲ ಮುಟ್ಟುತ್ತದೆ.

ನನ್ನ ಪತ್ರಕ್ಕೆ ಒಂದು ಸಂಘದಿಂದ ಉತ್ತರ ಬರಲಿಲ್ಲ. ಇನ್ನೊಂದರ ಕಾರ್ಯದರ್ಶಿಗಳು ಭಾಷೆಯನ್ನು ಹೊಗಳಿದರು. ಮುಂದಿನ ಸಭೆಯಲ್ಲಿ ಇಡುತ್ತೇವೆಂದರು. ಮುಂದಿನ ಸಭೆ ಸ್ಪರ್ಧೆಯ ನಂತರದ ವಾರ. ಇಬ್ಬರು ವಾದಿಗಳು ಬಂಧುಗಳಲ್ಲಿ ಸಾಲ ತೆಗೆದುಕೊಂಡು ರೈಲು ಹತ್ತಿದರು. ದೆಹಲಿಗೆ ಎರಡು ರಾತ್ರಿಯ ಪ್ರಯಾಣ. ಮೂರನೆಯವನು ತಾನು ಹೊಲಿಸಿಕೊಂಡಿದ್ದ ಕೋಟನ್ನು ಅವರಲ್ಲೊಬ್ಬನಿಗೆ ಕೊಟ್ಟು ನಿಲ್ದಾಣದಿಂದ ಹಿಂದಿರುಗಿದ. ಅವನು ತನ್ನ ಕಾಶಿಯತ್ತ ಇಟ್ಟದ್ದು ಹತ್ತು ಹೆಜ್ಜೆಯೋ ಹನ್ನೊಂದೋ.

ಸ್ಪರ್ಧೆಯ ದಿನ ಅವನು ನಮ್ಮ ಮನೆಯ ಜಗಲಿಯ ಮೇಲೆ ಕುಳಿತಿದ್ದ. ಹನ್ನೊಂದರ ಸುಮಾರಿಗೆ ಫೋನು ಬಂದಿತು. ನ್ಯಾಯಾಧೀಶರು ಯಾವುದೋ ತೀರ್ಪಿನ ಭಿನ್ನಮತದ ವಿಷಯ ಕೇಳಬಹುದೆಂದು ಗೆಳೆಯರಿಗೆ ಗಾಬರಿ. ಇವನು ಕಣ್ಣು ಮುಚ್ಚಿಕೊಂಡು, ಪುಸ್ತಕ ನೋಡದೆ, ಇಂಥ ಕಂಡಿಕೆ, ಇಂಥ ಮಾತು ಎಂದು ಹೇಳುತ್ತ ಹೋದ. ಫೋನು ಇಟ್ಟ ಮೇಲೆ ಬಹಳ ಹೊತ್ತು ಅಂಗಳದ ಕಡೆ ನೋಡುತ್ತ ಕುಳಿತ. ನನ್ನ ಹೆಂಡತಿ ಕಾಫಿ ತಂದುಕೊಟ್ಟು ಒಳಗೆ ಬಂದು, "ಆ ಎಂಟು ಸಾವಿರ ನಾವೇ ಕೊಡಬಹುದಾಗಿತ್ತಲ್ಲ?" ಎಂದಳು.

ಕೊಡಬಹುದಾಗಿತ್ತು. ಆ ತಿಂಗಳು ಬ್ಯಾಂಕಿನಲ್ಲಿ ಅಷ್ಟು ಹಣವಿತ್ತು. ಗಾಂಧಿ, ಅಂಬೇಡ್ಕರ್, ಸೊರಾಬ್ಜಿ ಎಲ್ಲರನ್ನೂ ನೆನೆದು ಎರಡು ಪುಟ ಬರೆದ ನನಗೆ ಅದೊಂದು ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೆಂದರೆ ಪೂರ್ತಿ ನಿಜವೂ ಅಲ್ಲ. ಹೊಳೆಯುವ ಮೊದಲೇ ಪತ್ರ ಬರೆದು ಮುಗಿಸಿದ್ದೆ.

ತಂಡ ಎರಡನೆಯ ಸುತ್ತಿನಲ್ಲಿ ಸೋತಿತು. ಆದರೆ ಅತ್ಯುತ್ತಮ ವಾದಪತ್ರಕ್ಕೆ ಇರುವ ಬಹುಮಾನ ಅವರಿಗೆ ಬಂದಿತು. ಪ್ರಶಸ್ತಿಪತ್ರದಲ್ಲಿ ಮೂವರ ಹೆಸರೂ ಇದೆ. ಅದನ್ನು ಅವನು ಗೆಳೆಯರಿಂದ ರೈಲ್ವೆ ನಿಲ್ದಾಣದಲ್ಲಿಯೇ ಪಡೆದುಕೊಂಡ.

ಈಗ ಅವನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಒಬ್ಬ ಹಿರಿಯರ ಕೈಕೆಳಗೆ ಕಿರಿಯ ವಕೀಲ. ಗಳಿಕೆ ಎಷ್ಟೆಂದು ಕೇಳಬಾರದು. ಕಳೆದ ತಿಂಗಳು ಒಂದು ಸಂಜೆ ಬಂದ. ಅವನು ಓದಿದ ಕಾಲೇಜಿನ ಹುಡುಗಿಯೊಬ್ಬಳು ಹೊರರಾಜ್ಯದ ಒಂದು ತರಬೇತಿ ಶಿಬಿರಕ್ಕೆ ಆಯ್ಕೆಯಾಗಿದ್ದಾಳಂತೆ. ರಾಜ್ಯದ ಗಡಿಯವರೆಗೆ ಬಸ್ಸಿದೆ, ಆಚೆಗೆ ಟಿಕೇಟು. ನಾನು ಅಭ್ಯಾಸಬಲದಿಂದ ಕಾಗದವನ್ನೂ ಲೇಖನಿಯನ್ನೂ ಹತ್ತಿರಕ್ಕೆ ಎಳೆದುಕೊಂಡೆ.

"ಪತ್ರ ಬೇಡಿ ಸಾರ್," ಎಂದ ನಗುತ್ತ. ಜೇಬಿನಿಂದ ಒಂದು ಸಣ್ಣ ನೋಟುಪುಸ್ತಕ ತೆಗೆದ. ಐದಾರು ಜನ ಕಿರಿಯ ವಕೀಲರು ತಲಾ ಐನೂರು ಹಾಕಿದ್ದಾರೆ; ಹೆಸರುಗಳ ಮುಂದೆ ಮೊತ್ತ. ಹುಡುಗಿ ಹೋಗಿಬಂದು ಕಾಲೇಜಿನ ಮರುಪಾವತಿ ಕೈಗೆ ಬಂದ ಮೇಲೆ ತಿರುಗಿ ಇಲ್ಲಿಗೇ ತುಂಬಬೇಕು, ಅದು ಇನ್ನೊಬ್ಬರಿಗೆ. "ಬಾರದಿದ್ದರೆ?" ಎಂದೆ. "ನೋಡೋಣ ಸಾರ್" ಎಂದ. ಪಟ್ಟಿಯ ಕೊನೆಯಲ್ಲಿ ನನ್ನ ಹೆಸರು ಮೊದಲೇ ಬರೆದಿತ್ತು, ಮುಂದಿನ ಜಾಗ ಖಾಲಿ ಬಿಟ್ಟಿತ್ತು. ನಾನು ಎದ್ದು ಒಳಗೆ ಹೋದೆ. ರೈಲು ಗುರುವಾರಕ್ಕೆಂದು ಅವನು ಹೊರಗಿನಿಂದ ಹೇಳುತ್ತಿದ್ದ.